ಮೇಲಿನ ಮಹಡಿಗೆ ಮಾತ್ರ ಕೇಳದ ಪಿಯಾನೊ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿದೆ, ಇಲ್ಲ ಅಂತಲ್ಲ. ಆದರೆ ಅದು ಗುರುತಿನ ಚೀಟಿಯೊಳಗೆ ಹಾಯಾಗಿ ಮಲಗಿದೆ. ಸಂಗೀತ ಶಾಲೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ವಾಪಸ್ಸಮ್ಮ ಅಂತ. ಶಾಲೆಯ ಕಂಪ್ಯೂಟರುಗಳು, ತಂತಿಗಳು, ಗೋಡೆಗೆ ಅಂಟಿಕೊಂಡು ಹಸಿರು ದೀಪ ಮಿಟುಕಿಸುವ ಡಬ್ಬಿಗಳು, ಇವೆಲ್ಲ ಒಂದರ ಜೊತೆ ಒಂದು ಮಾತಾಡಿಕೊಂಡಿರುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಯಾರಾದರೂ ಬಂದು "ನೆಟ್ ಬರ್ತಿಲ್ಲ" ಅಂದರೆ ಸಾಕು, ಅವಳದು ಒಂದೇ ರಾಗ: "ಹೋಗೋದನ್ನ ಎಲ್ಲರೂ ನೋಡ್ತಾರೆ. ವಾಪಸ್ ಬರೋದನ್ನ ಯಾರಾದ್ರೂ ನೋಡಿದ್ರಾ?"

ಇದು ಅವಳ ಜೀವನದ ಸಿದ್ಧಾಂತ. ಯಂತ್ರಗಳ ಜಗಳದಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರದ್ದೇ ಹೊರತು ಪ್ರಶ್ನೆಯದಲ್ಲ ಅನ್ನುವುದು ಅವಳ ನಂಬಿಕೆ. ಪ್ರಶ್ನೆ ಹೇಗೋ ನುಗ್ಗಿ ಹೋಗಿಬಿಡುತ್ತದೆ, ಉತ್ತರ ಬರುವಾಗ ದಾರಿ ತಪ್ಪುತ್ತದೆ. ಈ ಸಿದ್ಧಾಂತವನ್ನು ಆಫೀಸಿನಲ್ಲೇ ಬಿಟ್ಟು ಮನೆಗೆ ಹೋಗಿದ್ದರೆ ಅವಳ ಗಂಡ ಬದುಕಿಕೊಳ್ಳುತ್ತಿದ್ದ. ಪಾಪ, ಅವನು ಗೆಳೆಯರ ಮನೆಗೆ ಹೊರಟರೆ ಇವಳು ಎಲ್ಲಿಗೆ ಅಂತ ಕೇಳುವುದೇ ಇಲ್ಲ, ವಾಪಸ್ಸು ಯಾವ ಬಸ್ಸಿಗೆ ಅಂತ ಕೇಳುತ್ತಾಳೆ. ಒಮ್ಮೆ ಪಕ್ಕದ ಮನೆಯ ಬೆಕ್ಕು ಮರ ಹತ್ತಿತು. ಓಣಿಯವರೆಲ್ಲ ಅದರ ಚುರುಕುತನಕ್ಕೆ ಭಲೇ ಅನ್ನುತ್ತಿದ್ದಾಗ ಇವಳೊಬ್ಬಳು ಏಣಿ ತರಲು ಹೋಗಿದ್ದಳು. ಏಣಿ ಬೇಕಾಯಿತು, ಅದು ಬೇರೆ ಮಾತು.

ಅವಳ ಅಕ್ಕ ಇರುವುದು ಅದೇ ಶಾಲೆಯ ಕಟ್ಟಡದ ತುತ್ತತುದಿಯ ಮಹಡಿಯಲ್ಲಿ. ಭಾವ ಶಾಲೆಯ ಪಿಯಾನೊಗಳ ಶ್ರುತಿ ಸರಿಮಾಡುವವರು, ಅದಕ್ಕೇ ಶಾಲೆಯವರು ಅವರಿಗೆ ಅಲ್ಲೊಂದು ಪುಟ್ಟ ಮನೆ ಕೊಟ್ಟಿದ್ದರು. ಕಟ್ಟಡದಲ್ಲಿ ಎಷ್ಟು ಪಿಯಾನೊ ಇವೆಯೋ ಅಷ್ಟೂ ಭಾವನ ಮಕ್ಕಳು. ಯಾವುದಕ್ಕೆ ತೇವ ಆಗುವುದಿಲ್ಲ, ಯಾವುದು ಕಿಟಕಿ ತೆರೆದರೆ ಮುನಿಯುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಆದರೆ ನಾಲ್ಕು ಜನರ ಎದುರು ಕೂತು ನುಡಿಸಿ ಅಂದರೆ ಭಾವ ಮಂಗಮಾಯ. ಸಂಜೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಕೆಳಗಿನ ಸಭಾಂಗಣದಲ್ಲಿ ಒಬ್ಬರೇ ಕೂತು, ತಾವೇ ಕಟ್ಟಿದ ಮಾತಿಲ್ಲದ ಒಂದು ಹಾಡನ್ನು ನುಡಿಸಿಕೊಳ್ಳುತ್ತಿದ್ದರು. ಅಷ್ಟೇ ಅವರ ಸಂಗೀತ.

ಅದನ್ನೂ ಪೂರ್ತಿ ನುಡಿಸಿದವರಲ್ಲ. ಕಾರಣ ಅಕ್ಕನ ಸೌಟು. ಮೇಲಿನ ಮನೆಯ ಅಡುಗೆಮನೆಯಿಂದ ಒಂದು ಹಳೆಯ ನೀರಿನ ಪೈಪು ಗೋಡೆಗುಂಟ ಇಳಿದು ಸಭಾಂಗಣದ ವೇದಿಕೆಯ ಹಿಂದೆ ಹಾದುಹೋಗುತ್ತದೆ. ಅಡುಗೆ ಆದ ಕೂಡಲೇ ಅಕ್ಕ ಸೌಟಿನಿಂದ ಪೈಪಿಗೆ ಟಣ್ ಟಣ್ ಅಂತ ಬಡಿಯುವಳು. ಕೆಳಗೆ ಭಾವ, ಕೈ ಎಲ್ಲಿದ್ದರೂ ಅಲ್ಲಿಗೇ ಬಿಟ್ಟು, "ಬಂದೆ ಕಣೇ!" ಅಂತ ಕೂಗುವರು. ಆ ಕೂಗು ಮೇಲಕ್ಕೆ ಕೇಳಿಸುವುದಿಲ್ಲ, ಸಭಾಂಗಣದ ಗೋಡೆ ಅಷ್ಟು ದಪ್ಪ. ಆದರೂ ಕೂಗುವರು, ಅಭ್ಯಾಸ. ಹಾಗಾಗಿ ಆ ಹಾಡು ಊಟದ ಹೊತ್ತಿಗೆ ಅರ್ಧದಲ್ಲೇ ನಿಲ್ಲುತ್ತಿತ್ತು, ಅದರ ಕೊನೆ ಹೇಗಿದೆ ಅಂತ ಭಾವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಮೇಲೆ ಒಲೆಯ ಮುಂದಿರುತ್ತಿದ್ದ ಅಕ್ಕನಿಗಂತೂ ಗೊತ್ತೇ ಇರಲಿಲ್ಲ.

"ಒಂದು ಸಲ, ಒಂದೇ ಒಂದು ಸಲ ಜನರ ಮುಂದೆ ಕೂತು ಪೂರ್ತಿ ನುಡಿಸ್ರೀ" ಅಂತ ಅಕ್ಕ ಮದುವೆಯಾದಾಗಿನಿಂದ ಗಂಡನ ಬೆನ್ನು ಬಿದ್ದಿದ್ದಳು. ಈ ವರ್ಷ ಶಾಲೆಯ ಮುಖ್ಯಸ್ಥೆಯೂ ಅಕ್ಕನ ಕಡೆ ಸೇರಿಕೊಂಡರು. ವರ್ಷದ ಕೊನೆಯ ಕಛೇರಿಯಲ್ಲಿ ಭಾವ ನುಡಿಸಲೇಬೇಕು ಅಂತ ಇಬ್ಬರೂ ಪಟ್ಟು ಹಿಡಿದರು. ಭಾವ ಹೂಂ ಅಂದರು. ಅಂದ ಖುಷಿಗೆ ಅಕ್ಕ, ಅವರ ಒಳ್ಳೆಯ ಕೋಟು ಇಳಿಸಲು ಸ್ಟೂಲು ಹಾಕಿಕೊಂಡು ಕಪಾಟಿನ ತಲೆಗೆ ಕೈ ಹಾಕಿದಳು. ಕೋಟಿನ ಜೊತೆ ತಾನೂ ಇಳಿದಳು. ಕಾಲು ಮುರಿಯಿತು.

ತೊಡೆಯವರೆಗೂ ಪ್ಲಾಸ್ಟರು. ಮೆಟ್ಟಿಲು ಇಳಿಯುವ ಮಾತೇ ಇಲ್ಲ ಅಂದರು ಡಾಕ್ಟರು. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗೋಣ ಅಂದರೆ ಆ ಮೆಟ್ಟಿಲು ಸುತ್ತು ಸುತ್ತಾಗಿ ಇಕ್ಕಟ್ಟು. ಅಕ್ಕನೇ ಕೈ ಮುಗಿದಳು: "ನನ್ನನ್ನೇನು ಪಿಯಾನೊ ಅಂದ್ಕೊಂಡ್ರಾ? ಪಿಯಾನೊನೂ ಈ ಮೆಟ್ಟಿಲು ಹತ್ತಿಲ್ಲ!" ಮಂಚವನ್ನು ಅಡುಗೆಮನೆಯ ಮೂಲೆಗೇ ಎಳೆಸಿಕೊಂಡಳು, ಪೈಪಿನ ಪಕ್ಕಕ್ಕೆ. ಮಲಗಿದಲ್ಲಿಂದಲೇ ಅಡುಗೆಯ ಉಸ್ತುವಾರಿ ನಡೆಯಬೇಕಲ್ಲ.

ಭಾವ ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹೆದರಿಕೆಯಲ್ಲಿ ಬಾಯಿ ಜಾರಿ, "ಆ ಕೋಟು ಯಾರಿಗೆ ಬೇಕಿತ್ತು? ಸ್ಟೂಲು ಹತ್ತು ಅಂತ ಯಾರು ಹೇಳಿದ್ರು?" ಅಂದುಬಿಟ್ಟರು. ಅಕ್ಕ ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಪೈಪು ಬಡಿಯುವುದನ್ನೂ ನಿಲ್ಲಿಸಿದಳು. ಭಾವನೂ ಮುಖ ಊದಿಸಿಕೊಂಡರು. ಆದರೆ ಒಂದೇ ಮನೆಯಲ್ಲಿ ಇರುವವರಿಗೆ ಮಾತಿಲ್ಲದೆ ನಡೆಯುತ್ತದೆಯೆ? ಅದಕ್ಕೆ ಮಧ್ಯೆ ವಾಪಸ್ಸಮ್ಮ ಇದ್ದಳು. ಕೆಲಸ ಮಾಡುವುದು ಅದೇ ಕಟ್ಟಡದಲ್ಲಿ, ಊಟಕ್ಕೆ ಹತ್ತುವುದು ಅದೇ ಮೆಟ್ಟಿಲು.

"ಪುಟ್ಟೀ, ನಿನ್ನ ಭಾವನಿಗೆ ಹೇಳು, ಊಟ ತಣ್ಣಗಾಗ್ತಿದೆ ಅಂತ."

ಭಾವ ಅಲ್ಲೇ, ಕೈಗೆ ಸಿಗುವಷ್ಟು ದೂರದಲ್ಲಿ ಕೂತಿರುವರು. "ಪುಟ್ಟೀ, ನಿಮ್ಮಕ್ಕನಿಗೆ ಹೇಳಮ್ಮ, ನನಗೆ ಕಣ್ಣಿದೆ ಅಂತ."

ಐವತ್ತು ತುಂಬಿದರೂ ಆ ಮನೆಗೆ ಇನ್ನೂ ಪುಟ್ಟಿಯೇ ಆದ ವಾಪಸ್ಸಮ್ಮ ತುತ್ತು ಬಾಯಿಗಿಡುತ್ತ ಎರಡನ್ನೂ ಚಾಚೂ ತಪ್ಪದೆ ಒಪ್ಪಿಸುವಳು. ಇಬ್ಬರ ತಲೆಗೂ ಒಂದೊಂದು ಮೊಟಕಬೇಕು ಅಂತ ಅವಳಿಗೆ ಅನ್ನಿಸುತ್ತಿತ್ತು, ಆದರೆ ದೊಡ್ಡವರು.

ಇಷ್ಟೆಲ್ಲ ಮುನಿಸಿದ್ದರೂ ಅಕ್ಕನಿಗೆ ಒಂದು ಆಸೆ ಮಾತ್ರ ಹಾಗೇ ಇತ್ತು. ಅದನ್ನು ಕಛೇರಿಯ ದಿನ ಬೆಳಿಗ್ಗೆ ತಂಗಿಯ ಕೈ ಹಿಡಿದುಕೊಂಡು ಹೇಳಿದಳು. "ನೋಡೇ, ಅವರು ನುಡಿಸೋದನ್ನ ನಾನು ಕೇಳಬೇಕು. ಆ ಹಾಡಿನ ಕೊನೆ ನಾನು ಕೇಳೇ ಇಲ್ಲ. ನನ್ನ ಸೌಟೇ ಅಡ್ಡ ಬಂತು ಇಷ್ಟು ವರ್ಷ. ಇವತ್ತು ತಪ್ಪಿದ್ರೆ ಅವರು ಇನ್ನೊಂದು ಸಲ ಜನರ ಮುಂದೆ ಕೂರೋ ಪೈಕಿ ಅಲ್ಲ."

"ಅದಕ್ಕೇನಂತೆ, ಟ್ಯಾಬ್ಲೆಟ್‌ನಲ್ಲಿ ಕೇಳು" ಅಂದಳು ವಾಪಸ್ಸಮ್ಮ. ದೂರದ ಊರಿನ ತಂದೆತಾಯಿಯರು ಕಛೇರಿ ಕೇಳಲಿ ಅಂತ ಶಾಲೆಯದೇ ಒಂದು ಆ್ಯಪ್ ಇತ್ತು. ಕೆಳಗೆ ನುಡಿಸಿದ್ದು ಅದರಲ್ಲಿ ಆಗಿಂದಾಗಲೇ ಕೇಳುತ್ತಿತ್ತು. ಅದನ್ನು ನಡೆಸುವ ಕಂಪ್ಯೂಟರನ್ನು ಈಚೆಗಷ್ಟೇ ಬೇರೆ ಕಡೆಯಿಂದ ಶಾಲೆಯ ನೆಲಮಾಳಿಗೆಗೆ ತಂದಿದ್ದಳು. ತಂದ ಮೇಲೆ ತನ್ನ ಮನೆಯಿಂದ ಪರೀಕ್ಷಿಸಿದ್ದಳು, ಗಂಟೆಯ ನಾದದ ಹಾಗೆ ಕೇಳಿತ್ತು.

ಅಕ್ಕನ ಟ್ಯಾಬ್ಲೆಟ್‌ನಲ್ಲಿ ಆ್ಯಪ್ ಒತ್ತಿದಳು. ಚಕ್ರ ಸುತ್ತಿತು. ಸುತ್ತುತ್ತಲೇ ಇತ್ತು. ಸಭಾಂಗಣದಲ್ಲಿ ಮಕ್ಕಳು ತಾಲೀಮು ನಡೆಸಿದ್ದರು, ಅದು ಆ್ಯಪ್‌ನಲ್ಲಿ ಊರಿಗೆಲ್ಲ ಕೇಳುತ್ತಿತ್ತು, ಅದೇ ಕಟ್ಟಡದ ಮೇಲಿನ ಮಹಡಿಗೆ ಇಲ್ಲ.

ವಾಪಸ್ಸಮ್ಮ ಕೆಳಗಿಳಿದು ತರಗತಿಯೊಂದರಲ್ಲಿ ನೋಡಿದಳು. ಅಲ್ಲೂ ಚಕ್ರ. ಬೀದಿಗೆ ಹೋಗಿ, ಬಾಗಿಲು ಕಾಯುವ ತಾತನ ಫೋನು ಇಸಿದುಕೊಂಡು ನೋಡಿದಳು. ಅದರಲ್ಲಿ ಪಿಟೀಲು ಸೊಗಸಾಗಿ ಹಾಡುತ್ತಿತ್ತು. ಅಂದರೆ ಕಟ್ಟಡದ ಹೊರಗಿರುವವರಿಗೆಲ್ಲ ಕೇಳುತ್ತದೆ, ಒಳಗಿರುವವರಿಗೆ ಕೇಳುವುದಿಲ್ಲ. ಇಷ್ಟು ದಿನ ಯಾರೂ ದೂರಿರಲಿಲ್ಲ, ಯಾಕೆಂದರೆ ಒಳಗಿರುವವರು ನಾಲ್ಕು ಹೆಜ್ಜೆ ನಡೆದು ಸಭಾಂಗಣಕ್ಕೇ ಹೋಗುತ್ತಾರೆ. ನಡೆಯಲಾಗದವಳು ಅಕ್ಕ ಒಬ್ಬಳೇ.

ಯಾರದೋ ಫೋನಿಗೆ ಕರೆ ಮಾಡಿ ಪಿಯಾನೊ ಹತ್ತಿರ ಇಟ್ಟರಾಯಿತಲ್ಲ ಅಂತ ತಾತ ಸಲಹೆ ಕೊಟ್ಟ. ಆ ಮೇಲಿನ ಮೂಲೆಗೆ ಫೋನಿನ ಸಿಗ್ನಲ್ಲು ಹತ್ತುವುದಿಲ್ಲ, ಬರುವುದು ಶಾಲೆಯ ನೆಟ್ಟೊಂದೇ. ಹತ್ತಿದರೂ ಅಕ್ಕ ಒಪ್ಪುವವಳಲ್ಲ. ಶ್ರುತಿ ಮಾಡುವವನ ಹೆಂಡತಿಯ ಕಿವಿ ಅದು, ಫೋನಿನಲ್ಲಿ ಪಿಯಾನೊ ಅಂದರೆ ಅವಳಿಗೆ ತಗಡು ಬಡಿದ ಹಾಗೆ. ಅಲ್ಲದೆ ತೇಪೆ ಹಾಕಿ ಕೈ ತೊಳೆದುಕೊಳ್ಳುವುದು ವಾಪಸ್ಸಮ್ಮನ ಜಾಯಮಾನವೇ ಅಲ್ಲ. ರೋಗ ಇಡೀ ಕಟ್ಟಡಕ್ಕಿರುವಾಗ ಒಂದು ಕೋಣೆಗೆ ಮಾತ್ರ ಮದ್ದು ಹಚ್ಚುವುದೆಂದರೆ ಅವಳಿಗೆ ನಾಚಿಕೆ.

ಮತ್ತೆ ಮೇಲೆ ಬಂದವಳನ್ನು ಅಕ್ಕ ಕೇಳಿದಳು: "ಅಲ್ಲ ಕಣೇ, ಊರಾಚೆ ಇರೋರಿಗೆ ಕೇಳೋದು ಮನೇಲಿರೋರಿಗೆ ಯಾಕೆ ಕೇಳಲ್ಲ? ಇದೆಂಥ ವಿಚಿತ್ರ?"

ವಾಪಸ್ಸಮ್ಮ ಮಂಚದ ಅಂಚಿನಲ್ಲಿ ಕೂತಳು. "ನೋಡು, ಈ ಕಟ್ಟಡಕ್ಕೆ ಬೀದಿಯವರಿಗೆ ಗೊತ್ತಿರೋ ನಂಬರು ಒಂದೇ. ಒಳಗಿನ ಕೋಣೆಗಳಿಗೆ ಬೇರೆ ನಂಬರುಗಳಿವೆ, ಅವು ನಮ್ಮೊಳಗಷ್ಟೇ. ಮೂರನೇ ಕೋಣೆ ಅಂತ ಬೀದೀಲಿ ಹೇಳಿದ್ರೆ ಯಾವ ಕಟ್ಟಡದ ಮೂರನೇ ಕೋಣೆ ಅಂತಾರೆ. ಹೊರಗಿಂದ ಯಾರು ಬಂದ್ರೂ ಬಾಗಿಲ ತಾತನ ಹತ್ತಿರ ಬರಬೇಕು. ಅವನು ನೋಡಿ, ಇಂಥ ಕೋಣೆಗೆ ಹೋಗಿ ಅಂತ ಕಳಿಸ್ತಾನೆ. ನಮ್ಮ ನೆಟ್ಟಿಗೂ ಹಾಗೇ ಬಾಗಿಲಲ್ಲಿ ಒಂದು ಡಬ್ಬಿ ಇದೆ. ಈ ಆ್ಯಪ್‌ಗೆ ಗೊತ್ತಿರೋದು ಬೀದಿ ನಂಬರು ಮಾತ್ರ. ನೀನು ಒಳಗೇ ಕೂತು ಬೀದಿ ನಂಬರು ಕೇಳ್ತೀಯ. ಒಳಗಿಂದ ಬಂದು ಇದೇ ಕಟ್ಟಡದ ವಿಳಾಸ ಕೇಳೋರನ್ನ ಎಲ್ಲಿಗೆ ಕಳಿಸಬೇಕು ಅಂತ ಡಬ್ಬಿಗೆ ಯಾರೂ ಹೇಳಿಕೊಟ್ಟಿಲ್ಲ."

"ಯಾರು ಹೇಳಿಕೊಡಬೇಕಿತ್ತು?"

"ನಾನೇ" ಅಂದಳು ವಾಪಸ್ಸಮ್ಮ.

"ಹಾಗಾದ್ರೆ ಇಲ್ಲೇನು ಹರಟೆ? ಎದ್ದು ಹೋಗು!"

ಹೋದಳು. ನೆಲಮಾಳಿಗೆಯಲ್ಲಿ ಲ್ಯಾಪ್‌ಟಾಪು ತೆರೆದು ಬಾಗಿಲ ಡಬ್ಬಿಗೆ ಬುದ್ಧಿ ಹೇಳಿದಳು: ಒಳಗಿನವರು ಬೀದಿ ನಂಬರು ಕೇಳಿದರೂ ಸರಿ, ಅವರ ಪ್ರಶ್ನೆಯನ್ನು ಈ ನೆಲಮಾಳಿಗೆಯ ಕಂಪ್ಯೂಟರಿಗೇ ತಿರುಗಿಸು. ಕೈ ಕೊಡವಿಕೊಂಡು ಸುತ್ತು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಆ್ಯಪ್ ಒತ್ತಿದಳು.

ಚಕ್ರ ಸುತ್ತಿತು.

ಮತ್ತೆ ಇಳಿದಳು. ತಂತಿಗಳಲ್ಲಿ ಓಡಾಡುವ ಯಂತ್ರಗಳ ಮಾತುಕತೆಯನ್ನೆಲ್ಲ ಲ್ಯಾಪ್‌ಟಾಪಿನ ಪರದೆ ಮೇಲೆ ಹಾಯಿಸಿಕೊಂಡು ಕೂತಳು. ಪ್ರಶ್ನೆ ಬರುತ್ತಿತ್ತು. ಸ್ವಚ್ಛವಾಗಿ, ನೆಟ್ಟಗೆ, ಬೇಕಾದ ಕಂಪ್ಯೂಟರಿಗೇ ಬರುತ್ತಿತ್ತು. ಕಂಪ್ಯೂಟರು ಉತ್ತರ ಕೊಡುತ್ತಲೂ ಇತ್ತು. ಲ್ಯಾಪ್‌ಟಾಪು ಹೊತ್ತುಕೊಂಡು ಮೇಲೆ ಹೋಗಿ ಅಲ್ಲೂ ನೋಡಿದರೆ, ಉತ್ತರ ಟ್ಯಾಬ್ಲೆಟ್ಟಿನವರೆಗೂ ಬಂದಿತ್ತು! ಬಾಗಿಲಿಗೆ ಬಂದ ನೆಂಟನನ್ನು ಟ್ಯಾಬ್ಲೆಟ್ಟು ಒಳಗೆ ಕರೆಯುತ್ತಿರಲಿಲ್ಲ, ಅಷ್ಟೆ. ಯಾಕೆ? ವಾಪಸ್ಸಮ್ಮನಿಗೆ ತಲೆ ಕೆಟ್ಟುಹೋಯಿತು. ಕೆಳಗೆ ಸಭಾಂಗಣದಲ್ಲಿ ಕುರ್ಚಿ ಜೋಡಿಸುವ ಸದ್ದು ಶುರುವಾಗಿತ್ತು. ಮುಖ್ಯಸ್ಥೆ ಎರಡು ಸಲ ಮೆಟ್ಟಿಲ ಬುಡಕ್ಕೆ ಬಂದು "ಆಯ್ತಾ?" ಅಂತ ಕೂಗಿ ಹೋಗಿದ್ದರು. ಅಕ್ಕ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಪ್ಲಾಸ್ಟರಿನ ಮೇಲೆ ಶಾಲು ಹೊದ್ದು ಕೂತಿದ್ದಳು. ಕಛೇರಿಗೆ ಹೊರಟವಳ ಹಾಗೆ.

ಅಷ್ಟರಲ್ಲಿ ಭಾವ ಕೋಟು ಹಾಕಿಕೊಂಡು ಒಳಕೋಣೆಯಿಂದ ಬಂದು, ಯಾರ ಮುಖವನ್ನೂ ನೋಡದೆ ಹೊರಬಾಗಿಲು ದಾಟಿ ಮೆಟ್ಟಿಲಿಗೆ ಕಾಲಿಟ್ಟರು.

"ಪುಟ್ಟೀ" ಅಂದಳು ಅಕ್ಕ, "ನಿನ್ನ ಭಾವನ್ನ ಕೇಳು. ಮಫ್ಲರ್ ತಗೊಂಡ್ರಾ ಅಂತ. ಆ ಸಭಾಂಗಣ ತಣ್ಣಗೆ ಕೊರೆಯುತ್ತೆ, ಬೆರಳು ಮರಗಟ್ಟಿದ್ರೆ ನುಡಿಸೋದು ಹೇಗೆ."

ವಾಪಸ್ಸಮ್ಮ ಬಾಗಿಲಿಗೆ ಹೋಗಿ ಕೂಗಿದಳು. "ಭಾವಾ, ಮಫ್ಲರ್ ತಗೊಂಡ್ರಾ?"

ಭಾವ ಮೆಟ್ಟಿಲ ಮೇಲಿಂದಲೇ, ಅಕ್ಕನಿಗೂ ಚೆನ್ನಾಗಿ ಕೇಳುವ ಹಾಗೆ, ದೊಡ್ಡದಾಗಿ ಅಂದರು: "ತಗೊಂಡಿದೀನಿ!"

ವಾಪಸ್ಸಮ್ಮ ಒಳಗೆ ಬಂದಳು. ಅಕ್ಕ ಇನ್ನೂ ಕಾಯುತ್ತಿದ್ದಳು. "ಏನಂತೆ?"

"ಕೇಳಿಸ್ಲಿಲ್ವಾ? ಇಡೀ ಕಟ್ಟಡಕ್ಕೆ ಕೇಳಿಸ್ತು."

"ಯಾರೋ ಏನೋ ಕೂಗಿದ ಹಾಗಾಯ್ತಪ್ಪ" ಅಂದಳು ಅಕ್ಕ, ಗಲ್ಲ ಮೇಲೆತ್ತಿ. "ನಾನು ಕೇಳಿದ್ದು ನಿನ್ನನ್ನ. ನೀನು ಹೇಳಿದ್ರೆ ಅದು ಉತ್ತರ. ಕಂಡೋರು ಕೂಗಿದ್ದನ್ನೆಲ್ಲ ನಾನ್ಯಾಕೆ ಕಿವಿಗೆ ಹಾಕ್ಕೊಳ್ಲಿ?"

ವಾಪಸ್ಸಮ್ಮ ಅಕ್ಕನನ್ನು ನೋಡಿದಳು. ಅಕ್ಕನ ಮಡಿಲಲ್ಲಿದ್ದ ಟ್ಯಾಬ್ಲೆಟ್ಟನ್ನು ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು.

ಟ್ಯಾಬ್ಲೆಟ್ಟೂ ಅಕ್ಕನೂ ಒಂದೇ ಬುದ್ಧಿಯವರು! ಟ್ಯಾಬ್ಲೆಟ್ಟು ಕೇಳಿದ್ದು ಬೀದಿ ನಂಬರನ್ನು. ಬಾಗಿಲ ಡಬ್ಬಿ ಆ ಪ್ರಶ್ನೆಯನ್ನು ನೆಲಮಾಳಿಗೆಗೆ ದಾಟಿಸಿತು. ಆದರೆ ಕೇಳಿದವರು ಮೇಲಿನ ಮಹಡಿಯ ನೆಂಟರೇ ಅಂತ ಗೊತ್ತಾದ ನೆಲಮಾಳಿಗೆಯ ಕಂಪ್ಯೂಟರು, ಮಧ್ಯಸ್ಥನಿಗೆ ಯಾಕೆ ತೊಂದರೆ ಅಂತ, ಡಬ್ಬಿಯನ್ನು ಬಿಟ್ಟು ತಾನೇ ನೇರವಾಗಿ ಉತ್ತರ ಕೂಗಿತು, ತನ್ನ ಒಳನಂಬರಿನಿಂದ. ಈ ನಂಬರಿನವರನ್ನು ನಾನು ಏನೂ ಕೇಳಿಯೇ ಇಲ್ಲವಲ್ಲ ಅಂತ ಟ್ಯಾಬ್ಲೆಟ್ಟು ಮುಖ ತಿರುಗಿಸಿತು. ಉತ್ತರ ಸರಿ, ಬಂದ ದಾರಿ ತಪ್ಪು. ಊರಿಗೆಲ್ಲ ವಾಪಸ್ಸಿನ ಪಾಠ ಹೇಳುವ ವಾಪಸ್ಸಮ್ಮ, ತನ್ನ ಸರದಿ ಬಂದಾಗ ಹೋಗುವ ದಾರಿ ಸರಿಮಾಡಿ ಕೈ ಕೊಡವಿಕೊಂಡಿದ್ದಳು.

"ಏನೇ ನಗು ನಿಂದು? ಮಫ್ಲರ್ ತಗೊಂಡ್ರೋ ಇಲ್ವೋ?"

"ತಗೊಂಡಿದಾರಂತೆ ಮಹಾರಾಯ್ತಿ, ತಗೊಂಡಿದಾರಂತೆ!" ಅನ್ನುತ್ತ ವಾಪಸ್ಸಮ್ಮ ಮೆಟ್ಟಿಲಿಗೆ ಓಡಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಇಳಿದವಳಿಗೆ ಮಧ್ಯದ ಮಹಡಿಯಲ್ಲಿ ಭಾವ ಸಿಕ್ಕರು. ಅಲ್ಲೇ ಗೋಡೆಗೆ ಒರಗಿ, ಬೆರಳು ಉಜ್ಜಿಕೊಳ್ಳುತ್ತ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಪುಟ್ಟೀ, ಅವಳಿಗೆ ಕೇಳುತ್ತಾ?" ಅಂದರು ಮೆಲ್ಲಗೆ. "ಅವಳಿಗೆ ಕೇಳದಿದ್ರೆ ನಾನು ಅಲ್ಲಿ ಹೋಗಿ ಕೂತು ಏನು ಮಾಡ್ಲಿ?"

ವಾಪಸ್ಸಮ್ಮನಿಗೆ ಆ ಗಳಿಗೆಯಲ್ಲಿ ಭಾವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. "ಕೇಳುತ್ತೆ ಭಾವ. ನೀವು ನಡೀರಿ" ಅಂದಳು.

ನೆಲಮಾಳಿಗೆಯಲ್ಲಿ ಬಾಗಿಲ ಡಬ್ಬಿಗೆ ಇನ್ನೊಂದು ಮಾತು ಹೇಳಿಕೊಟ್ಟಳು: ಒಳಗಿನವರ ಪ್ರಶ್ನೆಯನ್ನು ಒಳಗೇ ತಿರುಗಿಸುವಾಗ, ಕೇಳಿದವರ ನಂಬರು ಹೇಳಬೇಡ, ನೀನೇ ಕೇಳುತ್ತಿರುವ ಹಾಗೆ ಕೇಳು. ಆಗ ಉತ್ತರ ಬೇರೆಲ್ಲೂ ಹೋಗದೆ ನಿನಗೇ ಬರುತ್ತದೆ, ನೀನೇ ಬೀದಿ ನಂಬರು ಹಚ್ಚಿ ಕೇಳಿದವರಿಗೆ ಮುಟ್ಟಿಸು. ಇಷ್ಟು ದಿನ ಊಟದ ಹೊತ್ತಿಗೆ ಅಕ್ಕ ಭಾವಂದಿರ ಮಧ್ಯೆ ತಾನು ಮಾಡುತ್ತಿದ್ದುದೂ ಇದನ್ನೇ. ತರಗತಿಯಲ್ಲಿ ಒತ್ತಿ ನೋಡಿದಳು, ಕೇಳಿತು. ತಾತನ ಫೋನನ್ನು ಮತ್ತೆ ಇಸಿದುಕೊಂಡು ಬೀದಿಯಲ್ಲಿ ನೋಡಿದಳು, ಅಲ್ಲೂ ಕೇಳಿತು. ಮೇಲೆ ಹತ್ತಿ ಬಂದಾಗ ಅವಳಿಗೆ ಮಾತಾಡಲು ಉಸಿರಿರಲಿಲ್ಲ. ಆದರೆ ಅಕ್ಕನ ಮಡಿಲಿನಿಂದ ಜನರ ಗುಜುಗುಜು, ಕುರ್ಚಿಗಳ ಕಿರುಗುಟ್ಟು, ಯಾರದೋ ಕೆಮ್ಮು ಎಲ್ಲ ಕೇಳಿಬರುತ್ತಿತ್ತು. ಅಕ್ಕ ಎರಡೂ ಕೈಯಲ್ಲಿ ಟ್ಯಾಬ್ಲೆಟ್ಟು ಹಿಡಿದುಕೊಂಡು ಕೂತಿದ್ದಳು.

ಮಕ್ಕಳು ಹಾಡಿದರು, ಪಿಟೀಲಿನವರು ನುಡಿಸಿದರು. ಕೊನೆಗೆ ಮುಖ್ಯಸ್ಥೆ ಭಾವನನ್ನು ಕರೆದರು. ಸ್ಟೂಲು ಎಳೆದ ಸದ್ದು. ಆಮೇಲೆ ಹಾಡು ಶುರುವಾಯಿತು.

ಅದು ದೊಡ್ಡ ಹಾಡೇನಲ್ಲ. ಮನೆಗೆಲಸ ಮುಗಿಸಿಕೊಂಡು ಯಾರೋ ತಮ್ಮಷ್ಟಕ್ಕೆ ಗುನುಗಿಕೊಂಡ ಹಾಗಿತ್ತು. ಅಕ್ಕ ಕಣ್ಣು ಮುಚ್ಚಿದಳು. ಹಾಡು ನಿಧಾನಕ್ಕೆ ಮೇಲೇರಿತು, ಒಂದು ತಿರುವಿಗೆ ಬಂತು, ಅಲ್ಲಿ ನಿಂತಿತು.

ನಿಂತೇ ಬಿಟ್ಟಿತು. ಅಕ್ಕ ಕಣ್ಣು ಬಿಟ್ಟಳು. "ನೆಟ್ ಹೋಯ್ತೇನೇ?"

"ಇಲ್ಲ, ಜನ ಕೆಮ್ಮೋದು ಕೇಳ್ತಿದೆಯಲ್ಲ." ವಾಪಸ್ಸಮ್ಮ ಟ್ಯಾಬ್ಲೆಟ್ಟಿಗೆ ಕಿವಿ ಹಚ್ಚಿದಳು. "ಭಾವನೇ ನಿಲ್ಲಿಸಿದಾರೆ."

ದಿನಾ ಸಂಜೆ ಹಾಡು ನಿಲ್ಲುತ್ತಿದ್ದುದು ಹೆಚ್ಚುಕಡಿಮೆ ಅಲ್ಲೇ. ಬೆರಳಿಗೆ ಅಲ್ಲಿಯವರೆಗಿನ ದಾರಿಯಷ್ಟೇ ರೂಢಿ. ಮುಂದಿನದು ಅವರಿಗೆ ಗೊತ್ತಿತ್ತು, ಆದರೆ ಜನ ತುಂಬಿದ ಸಭಾಂಗಣದಲ್ಲಿ ಕೈ ಕಾಲು ಆಡದೆ, ಏನನ್ನೋ ಕಾಯುವವರ ಹಾಗೆ ಭಾವ ಕೂತುಬಿಟ್ಟಿದ್ದರು. ಸಭೆಯಲ್ಲಿ ಒಬ್ಬರು ಅನುಮಾನದಿಂದ ಚಪ್ಪಾಳೆ ತಟ್ಟಿ ನಿಲ್ಲಿಸಿದ್ದು ಕೇಳಿತು.

"ಮುಂದಕ್ಕೆ ನುಡಿಸ್ರೀ" ಅಂದಳು ಅಕ್ಕ, ಟ್ಯಾಬ್ಲೆಟ್ಟಿಗೆ. "ರೀ! ಮುಂದಕ್ಕೆ! ಚೆನ್ನಾಗಿದೆ ಕಣ್ರೀ!"

ಅದು ಕೆಳಗಿನದನ್ನು ಕೇಳಿಸುವ ಯಂತ್ರವೇ ಹೊರತು ಇಲ್ಲಿನ ಮಾತು ಮುಟ್ಟಿಸುವ ಯಂತ್ರವಲ್ಲ ಅಂತ ವಾಪಸ್ಸಮ್ಮ ಹೇಳುವಷ್ಟರಲ್ಲಿ, ಅಕ್ಕ ಗೋಡೆಗೆ ತೂಗುಹಾಕಿದ್ದ ಸೌಟನ್ನು ಕಿತ್ತುಕೊಂಡಿದ್ದಳು. ತಲೆದಿಂಬಿನ ಮೇಲಿನಿಂದ ಬಾಗಿ, ಕಾಲು ಮುರಿದ ದಿನದಿಂದ ಮುಟ್ಟದಿದ್ದ ಪೈಪಿಗೆ ಬಡಿದಳು. ಟಣ್ ಟಣ್.

ಕೆಳಗಿನ ಸದ್ದು ಟ್ಯಾಬ್ಲೆಟ್ಟಿಗೆ ಬರುವಾಗ ಒಂದೆರಡು ಉಸಿರಿನಷ್ಟು ತಡ. ಅಕ್ಕ ತಂಗಿಯರು ಕಾದರು. ಆಮೇಲೆ ಟ್ಯಾಬ್ಲೆಟ್ಟಿನೊಳಗಿಂದಲೇ, ದೂರದಲ್ಲಿ, ಅವಳದೇ ಸೌಟಿನ ಟಣ್ ಟಣ್ ಕೇಳಿತು. ಅದರ ಬೆನ್ನಿಗೇ ಭಾವನ ದನಿ, ಇಡೀ ಸಭೆಯ ಎದುರು, ಗಂಟಲು ತೆರೆದು:

"ಬಂದೆ ಕಣೇ! ಇದೊಂದು ಮುಗಿಸಿ ಬಂದೆ!"

ಸಭೆ ಗೊಳ್ಳೆಂದಿತು. ಇಷ್ಟು ವರ್ಷ ಕೂಗಿದ "ಬಂದೆ ಕಣೇ" ಅಕ್ಕನ ಕಿವಿಗೆ ಬಿದ್ದದ್ದು ಅದೇ ಮೊದಲು. ದಿನಾ ಹೀಗೆ ಕೂಗುತ್ತಾರೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಅವಳು ಸೌಟನ್ನು ಎದೆಗೆ ಒತ್ತಿಕೊಂಡು ಅಳುತ್ತ ನಗುತ್ತ ಕೂತಳು. ನಗು ಅಡಗಿದ ಮೇಲೆ ಹಾಡು ಆ ತಿರುವಿನಿಂದ ಮುಂದಕ್ಕೆ ಹೊರಟಿತು, ಕೊನೆಯವರೆಗೂ ಹೋಯಿತು. ಕೊನೆ ಬಹಳ ಚೆನ್ನಾಗಿತ್ತು.

ವಾಪಸ್ಸಮ್ಮ ಕಣ್ಣೊರೆಸಿಕೊಂಡಳು. ಪ್ರಶ್ನೆ ಹೋದದ್ದು ಪೈಪಿನಲ್ಲಿ, ಉತ್ತರ ಬಂದದ್ದು ನೆಟ್ಟಿನಲ್ಲಿ. ಅವಳ ಲೆಕ್ಕದ ಪ್ರಕಾರ ಹೀಗೆ ಬೇರೆ ದಾರಿಯಲ್ಲಿ ಬಂದ ಉತ್ತರವನ್ನು ಯಾರೂ ತೆಗೆದುಕೊಳ್ಳಬಾರದು. ಅಕ್ಕ ತೆಗೆದುಕೊಂಡಳು.

ಸ್ವಲ್ಪ ಹೊತ್ತಿಗೆ ಭಾವ ಮೆಟ್ಟಿಲು ಹತ್ತಿ ಬಂದು, ಮಫ್ಲರನ್ನು ಕೈಯಲ್ಲಿ ಮುದುಡುತ್ತ ಬಾಗಿಲಲ್ಲಿ ನಿಂತರು. ವಾಪಸ್ಸಮ್ಮ ಅಭ್ಯಾಸದಂತೆ ಅವರ ಕಡೆ ತಿರುಗಿ, "ಭಾವ, ಅಕ್ಕ ಹೇಳ್ತಿದಾಳೆ, ಹಾಡಿನ ಕೊನೆ..." ಅಂತ ಶುರುಮಾಡಿದಳು.

"ನೀನು ಸುಮ್ಮನಿರೇ ಪುಟ್ಟಿ" ಅಂದಳು ಅಕ್ಕ. "ನಾವಿಬ್ರು ಮಾತಾಡ್ಕೋತೀವಿ. ಗಂಡ ಹೆಂಡತಿ ಮಧ್ಯೆ ನಿನಗೇನು ಕೆಲಸ? ಮನೆಗೆ ಹೋಗು." ಗಂಡನಿಗೆ ಮಂಚದ ಅಂಚು ತೋರಿಸಿದಳು. "ಬನ್ರೀ, ಕೂತ್ಕೊಳ್ಳಿ. ಬೆರಳು ತಣ್ಣಗಿದೆಯಾ?"

ವಾಪಸ್ಸಮ್ಮ ಲ್ಯಾಪ್‌ಟಾಪು ಕಂಕುಳಿಗೆ ಸಿಕ್ಕಿಸಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಬಂದ ಮೆಟ್ಟಿಲಲ್ಲೇ ವಾಪಸ್ಸು ಇಳಿದಳು.